ಮರಿ ಎರಿಯ ರಕ್ಷಣೆ: ತುಡುವೆ ಜೇನಿನ ಸ್ಥಳಾಂತರ ಮತ್ತು ಕರಡಿಯ ಹಾವಳಿ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಟಿ. ದಾಸರಹಳ್ಳಿಯಂತಹ ಬಡಾವಣೆಗಳಲ್ಲಿ ಕರಡಿಯ ಭಯವಿಲ್ಲ. ಜೇನಿಗೆ ಅಲ್ಲಿ ಮನುಷ್ಯನೇ ಭಯ. ಕತ್ತಲೆಯ ಪೊಟರೆಯನ್ನು ಬಯಸುವ ತುಡುವೆ ಜೇನು ಗೋಡೆಯ ಬಿರುಕಿನಲ್ಲೋ ಮೀಟರ್ ಪೆಟ್ಟಿಗೆಯಲ್ಲೋ ನೆಲೆಸಿದಾಗ ಅದನ್ನು ಸುಡುವುದು ರೂಢಿ. ಅದನ್ನು ಉಳಿಸಿ ಪೆಟ್ಟಿಗೆಗೆ ಕೂಡಿಸಿ, ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿ ದೇವರಾಯನದುರ್ಗದ ಸುತ್ತಿನ ತೋಟಗಳಿಗೆ ಒಯ್ದರೆ ಅಲ್ಲಿ ಕರಡಿ ಎದುರಾಗುತ್ತದೆ. ಎರಡು ಕಡೆಯೂ ಪಣಕ್ಕಿರುವುದು ಒಂದೇ: ಮರಿ ಎರಿ.

ತುಪ್ಪ ಹೋದರೆ ಕುಟುಂಬ ಚೇತರಿಸಿಕೊಳ್ಳಬಹುದು. ಮರಿಗಳನ್ನು ಕಳೆದುಕೊಂಡ ತುಡುವೆ ಮಾತ್ರ ಬಹುಬೇಗ ನೆಲೆ ತೊರೆಯುತ್ತದೆ. ಸ್ಥಳಾಂತರದಲ್ಲಿ ರಾಣಿ ಸತ್ತರೂ ಮೊಟ್ಟೆ ಅಥವಾ ಎಳೆಯ ಮರಿಹುಳುಗಳಿದ್ದರೆ ಕೆಲಸಗಾರ ನೊಣಗಳು ಹೊಸ ರಾಣಿಯನ್ನು ಬೆಳೆಸಬಲ್ಲವು. ಆದ್ದರಿಂದ ಲಘುವಾಗಿ ಹೊಗೆ ಹಾಕಿ, ಮರಿ ಎರಿಯನ್ನು ತುಪ್ಪದ ಎರಿಯಿಂದ ಬೇರ್ಪಡಿಸಿ, ಮೇಲಿನ ಅಂಚು ಮೇಲೆಯೇ ಇರುವಂತೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಬೇಕು. ಮರಿಗೆ ಬೇಕಾದ ಬಿಸಿ 33ರಿಂದ 35 ಡಿಗ್ರಿ ಸೆಲ್ಸಿಯಸ್. ಎರಿಯನ್ನು ಬಿಸಿಲಿನಲ್ಲಾಗಲಿ ಗಾಳಿಯಲ್ಲಾಗಲಿ ಬಹಳ ಹೊತ್ತು ಬಿಡುವಂತಿಲ್ಲ. ಒಡೆದ ತುಪ್ಪದ ಎರಿಯನ್ನು ಒಳಗಿಟ್ಟರೆ ಇರುವೆಯನ್ನು ಆಹ್ವಾನಿಸಿದಂತೆ. ಒಂದು ಕುಟುಂಬದ ಮರಿಗಳನ್ನು ಮತ್ತೊಂದಕ್ಕೆ ಸೇರಿಸುವಾಗಲೂ ಎಚ್ಚರ ಬೇಕು: 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನು ನೆಲಕಚ್ಚಿಸಿದ ಥಾಯ್ ಸ್ಯಾಕ್‌ಬ್ರೂಡ್ ಮರಿಹುಳುಗಳಿಗೇ ತಗಲುವ ವೈರಾಣು ರೋಗ. ನೊಣಗಳು ಎರಿಯನ್ನು ಚೌಕಟ್ಟಿಗೆ ಬೆಸೆಯುವವರೆಗೆ, ಅಂದರೆ ಕೆಲವು ದಿನ, ಪೆಟ್ಟಿಗೆಯನ್ನು ಹಳೆಯ ಜಾಗದಲ್ಲಿಯೇ ಇಡುವುದು ಲೇಸು. ಅಪಾರ್ಟ್‌ಮೆಂಟಿನ ಸಜ್ಜಕ್ಕೆ ತೂಗುವ ಹೆಜ್ಜೇನಿಗೆ ಈ ಕ್ರಮ ಅನ್ವಯಿಸದು. ಅದು ಪೆಟ್ಟಿಗೆಯಲ್ಲಿ ನಿಲ್ಲುವ ಜಾತಿಯಲ್ಲ.

ಕರಡಿ ತುಪ್ಪಕ್ಕಾಗಿ ಮಾತ್ರ ಪೆಟ್ಟಿಗೆ ಒಡೆಯುತ್ತದೆಂಬುದು ಅರ್ಧಸತ್ಯ. ಗೆದ್ದಲನ್ನು ಹೀರಿ ತಿನ್ನುವ ಈ ಪ್ರಾಣಿಗೆ ಕೊಬ್ಬು, ಸಸಾರಜನಕ ತುಂಬಿದ ಮರಿಹುಳುಗಳೂ ರುಚಿಯೇ. ಇರುವೆ ತಡೆಯಲು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದ ಕಾಲುಮಣೆ ಕರಡಿಯ ಒಂದು ಹೊಡೆತಕ್ಕೆ ಉರುಳುತ್ತದೆ. ಎತ್ತರದ ಮರವೂ ನೆರವಾಗದು, ಕರಡಿ ಮರ ಹತ್ತುತ್ತದೆ. ಪರಿಣಾಮಕಾರಿಯಾದುದು ಸೌರಶಕ್ತಿಯ ಮಿಡಿತದ ತಂತಿಬೇಲಿ. ಅದರಲ್ಲಿ ಸಾವಿರಾರು ವೋಲ್ಟ್ ಹರಿದರೂ ಅದು ಕ್ಷಣಮಾತ್ರ, ಹೆದರಿಸುತ್ತದೆ, ಕೊಲ್ಲುವುದಿಲ್ಲ. ಕರಡಿಯ ದಟ್ಟ ಕೂದಲು ಆಘಾತವನ್ನು ತಡೆಯುವುದರಿಂದ ತಂತಿ ಮೂತಿಗೆ ತಾಗುವಂತಿರಬೇಕು. ಕೆಳಗಿನ ಎಳೆ ನೆಲದಿಂದ ಸುಮಾರು 20 ಸೆಂಟಿಮೀಟರ್ ಎತ್ತರದಲ್ಲಿರಲಿ. ಹುಲ್ಲು ತಾಗಿದರೆ ವಿದ್ಯುತ್ ಸೋರುತ್ತದೆ, ಒಣನೆಲದಲ್ಲಿ ಭೂಸಂಪರ್ಕ ದುರ್ಬಲವಾಗುತ್ತದೆ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದು ಮಾತ್ರ ಅಪರಾಧ. ಅದರಿಂದ ಸಾಯುವುದು ಕರಡಿಯಷ್ಟೇ ಅಲ್ಲ, ಹೊಲಕ್ಕೆ ಹೋದ ಮನುಷ್ಯನೂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. 1994ರಲ್ಲಿ ದರೋಜಿಯಲ್ಲಿ ಅದಕ್ಕೆಂದೇ ಧಾಮ ಸ್ಥಾಪನೆಯಾಯಿತು.

ಇಲ್ಲೊಂದು ತೊಡಕಿದೆ. ಹೊರಹೋದ ನೊಣಗಳೆಲ್ಲ ಮರಳುವ ಮುಸ್ಸಂಜೆಯ ನಂತರವೇ ಪೆಟ್ಟಿಗೆಯ ಬಾಯಿಗೆ ಜಾಲರಿ ಬಿಗಿಯಬೇಕು. ಕರಡಿಯೂ ಅದೇ ಹೊತ್ತಿಗೆ ಸಂಚಾರಕ್ಕೆ ಹೊರಡುತ್ತದೆ. ಮನುಷ್ಯನ ಮೇಲೆ ಎರಗುವುದರಲ್ಲಿ ಅದು ಹಿಂಜರಿಯುವುದಿಲ್ಲ. ಆದುದರಿಂದ ರಾತ್ರಿ ದಾಸರಹಳ್ಳಿಯಲ್ಲಿ ಪೆಟ್ಟಿಗೆ ಏರಿಸಿದರೂ ಕಾಡಂಚಿನಲ್ಲಿ ಇಳಿಸುವುದು ಬೆಳಗಾದ ಮೇಲೆ. ಅಲ್ಲಿಯವರೆಗೆ ವಾಹನವನ್ನು ಊರಿನೊಳಗೆ, ಗಾಳಿಯಾಡುವಂತೆ ನಿಲ್ಲಿಸಬೇಕು. ಬೇಲಿಗೆ ಮಿಡಿತ ಹರಿದಿರಬೇಕಾದುದು ಪೆಟ್ಟಿಗೆ ಬರುವ ಮೊದಲು. ಒಮ್ಮೆ ರುಚಿ ಕಂಡ ಕರಡಿ ಮತ್ತೆ ಬರುತ್ತದೆ.