ಗೋಡೆಗೆ ಹಾಕುವಂಥ ಫೋಟೋ

ರಾಯಚೂರಿನ ಮನೆಯೊಂದರ ಗೋಡೆಯಲ್ಲಿ ಮೂರು ಫೋಟೋ ನೋಡಿದೆ. ಮೊದಲನೆಯದ್ದು ಅಜ್ಜನದ್ದು. ಶೇರ್ವಾನಿ, ರೂಮಿ ಟೋಪಿ, ಒಂದು ಕೈ ಕುರ್ಚಿಯ ಮೇಲೆ. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಎರಡನೆಯದ್ದು ತಂದೆಯದ್ದು. ಬೆಲ್‌ಬಾಟಂ ಪ್ಯಾಂಟು, ಹಿಂದೆ ಸ್ಟುಡಿಯೋದವರು ಬರೆಸಿದ ಹೂದೋಟದ ಪರದೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಶಾಲೆಗೆ ಹೋದವರು ಅವರು. ಮೂರನೆಯದ್ದು ಮೊಮ್ಮಗನ ಪಾಸ್‌ಪೋರ್ಟ್ ಸೈಜಿನದ್ದು. ಅದಕ್ಕೆ ಫ್ರೇಮೂ ಇಲ್ಲ, ಅಜ್ಜನ ಫೋಟೋದ ಮೂಲೆಗೆ ಸಿಕ್ಕಿಸಿದ್ದಾರೆ.

"ನಿನ್ನದೊಂದು ದೊಡ್ಡ ಫೋಟೋ ಇಲ್ಲವಾ?" ಕೇಳಿದೆ.

"ಮೊಬೈಲ್‌ನ್ಯಾಗ ಸಾವಿರ ಅದಾವ್ರಿ ಹಜರತ್. ಗ್ವಾಡಿಗೆ ಹಾಕೂವಂಥಾದ್ದು ಒಂದೂ ಇಲ್ಲ" ಅಂದ. ಕರಾವಳಿಯ ಉಸ್ತಾದ್ ಅಲ್ಲಿ ಹಜರತ್ ಆಗಿಬಿಡುತ್ತಾರೆ.

ಡಿಗ್ರಿ ಮುಗಿಸಿದ ಹುಡುಗ. ಮನೆಯಲ್ಲಿ ದಖ್ನಿ, ಅಂಗಡಿಯಲ್ಲಿ ಕನ್ನಡ, ಗೆಳೆಯರಿಗೆ ಮೆಸೇಜ್ ಹಾಕುವುದು ಇಂಗ್ಲಿಷ್ ಅಕ್ಷರದಲ್ಲಿ. ಅವನು ಹುಟ್ಟಿದಾಗ ಊರು ಹೈದರಾಬಾದ್ ಕರ್ನಾಟಕದಲ್ಲಿತ್ತು, 2019ರಿಂದ ಅದೇ ಊರು ಕಲ್ಯಾಣ ಕರ್ನಾಟಕದಲ್ಲಿದೆ. 371ಜೆ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ ಅಂತ ಪರ್ಸಿನಲ್ಲಿ ಯಾವಾಗಲೂ ಎಂಟು ಪ್ರತಿ ಫೋಟೋ ಇರುತ್ತದೆ. ಬಿಳಿ ಹಿನ್ನೆಲೆ, ನಗು ಇಲ್ಲದ ಮುಖ. ಕಚೇರಿ ಕೇಳುವ ಮುಖ ಅದು, ಅವನು ಆರಿಸಿಕೊಂಡದ್ದಲ್ಲ.

ದೇವದುರ್ಗ, ಮಾನ್ವಿ ಕಡೆಯ ಹುಡುಗರಿಗೆ ಇನ್ನೊಂದು ಬಗೆಯ ಫೋಟೋದ ಕಾಟ. ಮಳೆ ಕೈಕೊಟ್ಟರೆ, ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ತುಂಗಭದ್ರೆಯ ನೀರು ಮುಟ್ಟದಿದ್ದರೆ, ಬೆಂಗಳೂರಿಗೆ ಗುಳೆ. ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆಯ ಪಕ್ಕ ಕುಳಿತವರನ್ನು ಹೊರಗಿನಿಂದ ಬಂದವರು ಕ್ಲಿಕ್ಕಿಸುತ್ತಾರೆ. ಹೆಸರೂ ಕೇಳುವುದಿಲ್ಲ. ಬರಗಾಲ ಸುಳ್ಳಲ್ಲ, ಹಾಗೆ ತೆಗೆದವರೆಲ್ಲ ಕೆಟ್ಟವರೂ ಅಲ್ಲ. ಆದರೆ ಆ ಹುಡುಗ ಸೆಂಟ್ರಿಂಗ್ ಕೆಲಸ ಕಲಿತವನು, ತಂಗಿಯ ಪಿಯುಸಿ ಫೀಸು ಕಟ್ಟಿದವನು. ಅದು ಆ ಫೋಟೋದಲ್ಲಿ ಎಲ್ಲಿದೆ?

ಬೇರೆ ದಾರಿ ಹಿಡಿದವರೂ ಇದ್ದಾರೆ. ಪಶ್ಚಿಮ ಆಫ್ರಿಕಾದ ಮಾಲಿ, ಬಹುತೇಕ ಮುಸ್ಲಿಮರೇ ಇರುವ ದೇಶ, 1960ರಲ್ಲಿ ಸ್ವತಂತ್ರವಾಯಿತು. ರಾಜಧಾನಿ ಬಮಾಕೋದಲ್ಲಿ ಮಾಲಿಕ್ ಸಿದಿಬೆ ಎಂಬವರ ಸಣ್ಣ ಸ್ಟುಡಿಯೋ ಇತ್ತು. ಹುಡುಗರು ತಮಗೆ ಬೇಕಾದ್ದನ್ನು ಹಿಡಿದುಕೊಂಡೇ ಬರುತ್ತಿದ್ದರು. ಒಬ್ಬನಿಗೆ ಮೋಟಾರ್‌ಬೈಕು, ಒಬ್ಬನಿಗೆ ರೇಡಿಯೋ, ಇನ್ನೊಬ್ಬ ಕುರಿಯನ್ನೇ ಕರೆತಂದಿದ್ದ! ತಾನು ಯಾರು, ಹಳೆಯವನೋ ಹೊಸಬನೋ ಎಂದು ಗೊಂದಲದಲ್ಲಿದ್ದ ತಲೆಮಾರು ಅದು. ಸಿದಿಬೆ ಅವರನ್ನು ತಿದ್ದಲು ಹೋಗಲಿಲ್ಲ. ಆ ಚಿತ್ರಗಳಿಗಾಗಿ 2007ರಲ್ಲಿ ವೆನಿಸ್‌ನಲ್ಲಿ ಅವರಿಗೆ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಸಿಕ್ಕಿತು. ನಮ್ಮ ದೇಶದಲ್ಲೇ, 2003ರಲ್ಲಿ ರಾಜಸ್ಥಾನದ ಲೂಣ್‌ಕರಣ್‌ಸರ್‌ನ ಬಾಲಿಕಾ ಮೇಳದಲ್ಲಿ ಗೌರಿ ಗಿಲ್ ಫೋಟೋ ಡೇರೆ ಹಾಕಿದರು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಎನ್ನುವುದು ಹಳ್ಳಿಯ ಹೆಣ್ಣುಮಕ್ಕಳದ್ದೇ ತೀರ್ಮಾನ.

ಫೋಟೋ ತೆಗೆಸಬಹುದಾ ಎಂದು ಕೇಳುವವರು ಈಗಲೂ ಇದ್ದಾರೆ. ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇರುವ ಮಸ್‌ಅಲ ಅದು. ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಬಖೀತ್ ಅವರು ಇದು ನೆರಳನ್ನು ಹಿಡಿದಿಡುವುದಷ್ಟೇ ಎಂದು ನೂರು ವರ್ಷದ ಹಿಂದೆಯೇ ಅನುಮತಿ ಕೊಟ್ಟು ಬರೆದರು. ಒಪ್ಪದವರೂ ಹಜ್ಜಿಗೆ ಹೋಗುವಾಗ ಪಾಸ್‌ಪೋರ್ಟಿಗೆ ತೆಗೆಸಲೇಬೇಕು. ನನಗೆ ಈಗ ದೊಡ್ಡ ಪ್ರಶ್ನೆಯಾಗಿ ಕಾಣುವುದು ಒಪ್ಪಿಗೆಯದ್ದು. ಬೇಡ ಎಂದ ಹೆಣ್ಣುಮಗಳ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರುವ ಕಾಲ ಇದು.

ನಮ್ಮ ಬ್ಯಾರಿ ಮನೆಗಳ ಹಳೆಯ ಆಲ್ಬಂ ತೆರೆದು ನೋಡಿ. ಗಲ್ಫಿನಿಂದ ಬಂದ ಮೊದಲ ಫೋಟೋದಲ್ಲಿ ಕಾಕ ಯಾರದ್ದೋ ಕಾರಿಗೆ ಒರಗಿ ನಿಂತಿರುತ್ತಾರೆ. ಕೋಣೆಯಲ್ಲಿ ಎಂಟು ಮಂದಿ ಮಲಗುತ್ತಿದ್ದದ್ದು ಅದರಲ್ಲಿಲ್ಲ. ಉಮ್ಮನಿಗೆ ಅದು ಕಾಣುವುದು ಬೇಡವಿತ್ತು. ಆ ಫೋಟೋ ಸುಳ್ಳು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಗುಳೆ ಹೊರಟಿದ್ದ ಒಬ್ಬ ಹುಡುಗನ ಜೊತೆ ಮಾತಾಡುತ್ತಾ ಇದ್ದೆ. ಒಂದು ಫೋಟೋ ತೆಗೆಯಲಾ ಅಂದೆ. "ಹಿಂಗ ಬ್ಯಾಡ್ರಿ, ತಡೀರಿ" ಅಂದವನೇ ಗಂಟನ್ನು ಕಂಬದ ಹಿಂದೆ ತಳ್ಳಿ, ನಳದಲ್ಲಿ ಮುಖ ತೊಳೆದು, ಚೀಲದಿಂದ ಇಸ್ತ್ರಿ ಅಂಗಿ ತೆಗೆದು ಹಾಕಿಕೊಂಡ. ಬಿಡಲು ಬಂದಿದ್ದ ಗೆಳೆಯನ ಬೈಕ್ ಮೇಲೆ ಕೂತ.

"ನಂಬರ್ ಪ್ಲೇಟ್ ಬರಬಾರ್ದ್ ನೋಡ್ರಿ" ಅಂದ. ಬರದ ಹಾಗೆ ತೆಗೆದೆ.