ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್

ಲಿಂಗಸುಗೂರಿನಿಂದ ಕಲಬುರಗಿಯ ದಾರಿ ಹಿಡಿದು ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿದರೆ ಸುರಪುರ ದೂರವೇನಲ್ಲ. ಬಂಡೆಗಳ ನಡುವೆ ಹಬ್ಬಿರುವ ಆ ಊರಿನ ಗುಡ್ಡದ ಮೇಲೊಂದು ಬಂಗಲೆ. ಸುತ್ತಲಿನವರಿಗೆಲ್ಲ ಅದು ಟೇಲರ್ ಮಂಜಿಲ್.

ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಹಡಗು ಹತ್ತಿ ಬಂದು ನಿಜಾಮರ ಸೇನೆ ಸೇರಿದ. 1839ರಲ್ಲಿ ಅಚ್ಚಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಿಂದ ಲಂಡನ್ನಿನಲ್ಲೂ ಹೆಸರು ಮಾಡಿದ. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ಇವನ ಉಸ್ತುವಾರಿಯಲ್ಲಿತ್ತು. ಪಟ್ಟದ ಹುಡುಗ ವೆಂಕಟಪ್ಪ ನಾಯಕ ಇವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಟೇಲರ್ ವರದಿ ಬರೆಯುತ್ತಿದ್ದದ್ದೂ ಈ ವರ್ಷಗಳಲ್ಲೇ.

ಇಂಗ್ಲೆಂಡಿನ ಸಿರಿವಂತರ ಮನೆಗಳ ಪಕ್ಕದಲ್ಲಿಟ್ಟು ನೋಡಿದಾಗ ಇಂಥ ಬಂಗಲೆಗಳ ಜಾಣ್ಮೆ ತಿಳಿಯುತ್ತದೆ. ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್ 1590ರ ದಶಕದ ಕಟ್ಟಡ. ಕಟ್ಟಿಸಿದವಳು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಗೋಪುರಗಳ ನೆತ್ತಿಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲೇ ಕಡೆಸಿ ನಿಲ್ಲಿಸಿದಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು ಎನ್ನುವಷ್ಟು ಗಾಜು ಹಾಕಿಸಿದಳು. ಒಳಗೆ ಉದ್ದನೆಯ ಗ್ಯಾಲರಿ, ಗೋಡೆ ಮುಚ್ಚುವ ಚಿತ್ರಕಂಬಳಿಗಳು, ದೊಡ್ಡ ಒಲೆಗೂಡುಗಳು. ಅಲ್ಲಿನ ಮನೆಗೆ ಬೆಳಕು ಬೇಕು, ಬೆಂಕಿ ಬೇಕು.

ನಮ್ಮ ಸೀಮೆಯ ಬೇಸಿಗೆಯಲ್ಲಿ ಅಂಥ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆಯುವುದೂ ಕಷ್ಟ. ಹಾಗಾಗಿ ನಿಜಾಮರ ನಾಡಿಗೆ ಬಂದ ಇಂಗ್ಲಿಷರು ಬಿಸಿಲನ್ನು ಹೊರಗೇ ತಡೆಯುವ ಮನೆಗಳನ್ನು ಕಟ್ಟಿಕೊಂಡರು. ದಪ್ಪ ಗೋಡೆ, ಎತ್ತರದ ಮಾಳಿಗೆ, ನಡುವೆ ಪಡಸಾಲೆಯಂಥ ಹಾಲ್, ಅದಕ್ಕೆ ಅಂಟಿಕೊಂಡ ಕೋಣೆಗಳು, ಸುತ್ತ ಅಗಲವಾದ ವರಾಂಡ. ಮೇಲೇರಿದ ಬಿಸಿಗಾಳಿ ಹೋಗಲು ಸೂರಿನ ಹತ್ತಿರ ಗವಾಕ್ಷಿ. ಬಾಗಿಲಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ. ಹಾಲ್‌ನಲ್ಲಿ ತೂಗುವ ಬಟ್ಟೆಯ ಪಂಖಾ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಬಂದು ವರಾಂಡದಲ್ಲಿ ಕೂತ ಆಳಿನ ಕೈ ಸೇರುತ್ತಿತ್ತು. ದೊರೆಗಳ ತಂಪಿನ ಹಿಂದೆ ಇಡೀ ದಿನ ಹಗ್ಗ ಎಳೆದ ಆ ಕೈಗಳ ಹೆಸರು ಯಾವ ದಾಖಲೆಗೂ ಏರಲಿಲ್ಲ ಎಂಬುದು ಮರೆಯಬಾರದ ಮಾತು.

ಬೆಂಗಳೂರಿನಲ್ಲಿ ಕಥೆ ಬೇರೆ. ಅಲ್ಲಿನ ಹವೆ ತಂಪು. ಮೈಸೂರು ಅರಸರ ಬೆಂಗಳೂರು ಅರಮನೆ ಟ್ಯೂಡರ್ ಶೈಲಿಯ ಗೋಪುರ, ಬಣ್ಣದ ಗಾಜುಗಳನ್ನು ಹಾಗೇ ಉಳಿಸಿಕೊಂಡಿತು.

ಮತ್ತೆ ಸುರಪುರದ ಕಥೆಗೆ ಬರೋಣ. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಛಾವಣಿ ಇತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ದಂಡು ಹೊರಟದ್ದು ಈ ಛಾವಣಿಯಿಂದಲೇ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದು ನಿಂತವನು ಅದೇ ವೆಂಕಟಪ್ಪ ನಾಯಕ. ಸೋತು ಸೆರೆಯಾದ ಅವನನ್ನು ಟೇಲರ್ ಭೇಟಿಯಾದ. ಬಂಧನದ ಊರಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಆ ತರುಣ ರಾಜ ಸತ್ತ. 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಟೇಲರ್ ಈ ಪ್ರಸಂಗವನ್ನು ಸಂಕಟದಿಂದಲೇ ಬರೆದಿದ್ದಾನೆ. ಸಂಸ್ಥಾನ ಮಾತ್ರ ನಿಜಾಮರ ಪಾಲಾಯಿತು.

ಮಂಜಿಲ್ ಮುಂದೆ ಸರ್ಕಾರಿ ಅತಿಥಿಗೃಹವಾಯಿತು. ಗುಡ್ಡದ ಬಂಗಲೆಯನ್ನಷ್ಟೇ ನೋಡಿ ಹಿಂತಿರುಗಿದರೆ ಅರ್ಧ ಚರಿತ್ರೆ ಉಳಿದೇಹೋಗುತ್ತದೆ. ಸುರಪುರವನ್ನಾಳಿದ ನಾಯಕರ ಅರಮನೆಯನ್ನೂ ಜೊತೆಗೇ ನೋಡಬೇಕು. ಮಸ್ಕಿಗೆ ಅಶೋಕನ ಶಾಸನ ನೋಡಲು ಮಕ್ಕಳನ್ನು ಕರೆದೊಯ್ಯುವ ಸಿಂಧನೂರು, ಲಿಂಗಸುಗೂರಿನ ಶಾಲೆಗಳು ಇಲ್ಲಿಗೂ ಒಂದು ದಿನ ಮೀಸಲಿಡಲಿ. ಟೇಲರ್ ಜಗತ್ತಿಗೆ ಪರಿಚಯಿಸಿದ ರಾಜನಕೋಳೂರಿನ ಕಲ್ಮನೆ ಸಮಾಧಿಗಳು ಬೆಳಿಗ್ಗೆಗೆ, ಮಂಜಿಲ್ ಮತ್ತು ಅರಮನೆ ಮಧ್ಯಾಹ್ನಕ್ಕೆ. ನಾಯಕರು ಕಟ್ಟಿಸಿ ಟೇಲರ್ ಸುಧಾರಿಸಿದ, ಈಗ ಪಕ್ಷಿಧಾಮವಾಗಿರುವ ಬೋನಾಳ ಕೆರೆ ಸಂಜೆಗೆ.