ಹಂದಿಮರಿಗೆ ಸಿಹಿ: ಯಾವಾಗ, ಎಷ್ಟು?

ಹಂದಿಗೆ ಸಿಹಿಯೆಂದರೆ ಬಹಳ ಇಷ್ಟ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಹಂದಿಯ ನಾಲಗೆಯಾದರೋ ಈ ವಿಷಯದಲ್ಲಿ ನಮ್ಮ ನಾಲಗೆಗೆ ಹತ್ತಿರದ್ದು. ಆದಕಾರಣವೇ ಮರಿಗಳ ತಯಾರಿ ಆಹಾರಕ್ಕೆ ಸಕ್ಕರೆ ಇಲ್ಲವೆ ಸ್ಯಾಕರಿನ್ ಬೆರೆಸುವುದುಂಟು. ಆದರೆ ಇಷ್ಟವಾದುದೆಲ್ಲ ಎಲ್ಲ ವಯಸ್ಸಿಗೂ ಒಗ್ಗುವುದಿಲ್ಲ.

ಮೊದಲು ಎಳೆಮರಿಯ ಮಾತು. ತಾಯಿ ಸತ್ತು ಮರಿಗಳು ಉಳಿದಾಗ ನಾಲ್ಕು ಚಮಚೆ ಬೆಲ್ಲದ ನೀರು ಕುಡಿಸೋಣವೆಂದು ಯಾರಿಗಾದರೂ ತೋಚುವುದು ಸಹಜ. ಅದು ಕೂಡದು. ಆಗತಾನೆ ಹುಟ್ಟಿದ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ರಸ ಧಾರಾಳವಾಗಿರುತ್ತದೆ. ಕಬ್ಬಿನ ಸಕ್ಕರೆಯನ್ನು ಅರಗಿಸುವ ರಸ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ವಾರ ಕಳೆದ ಮೇಲೆ ಅದು ಮೆಲ್ಲಮೆಲ್ಲನೆ ಹೆಚ್ಚುತ್ತದೆ. ಬೆಲ್ಲವೂ ಹೆಚ್ಚಿನ ಮಟ್ಟಿಗೆ ಅದೇ ಸಕ್ಕರೆ. ಅರಗದೆ ಕರುಳಿನಲ್ಲಿ ನಿಂತ ಸಕ್ಕರೆ ಮೈಯ ನೀರನ್ನು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ. ಭೇದಿ ಹತ್ತಿ ಮರಿ ಸಾಯಲೂಬಹುದು.

ಹಾಗಾದರೆ ಏನು ಮಾಡತಕ್ಕದ್ದು? ಅದೇ ಹೊತ್ತಿಗೆ ಈದ ಬೇರೆ ಹಂದಿಯಿದ್ದರೆ ಅದರ ಗಿಣ್ಣುಹಾಲು ಕುಡಿಸುವುದೇ ಉತ್ತಮ. ಇಲ್ಲವಾದರೆ ಹಸುವಿನ ಅಥವಾ ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಸೊರಗಿ ಮಲಗಿದ ಮರಿಗೆ ಬೆಚ್ಚನೆಯ ನೀರಿನಲ್ಲಿ ಗ್ಲೂಕೋಸ್ ಪುಡಿ ಕದಡಿ ಕುಡಿಸಬಹುದು; ಅದನ್ನು ಅರಗಿಸುವ ಕೆಲಸವಿಲ್ಲ, ನೇರವಾಗಿ ರಕ್ತಕ್ಕೆ ಸೇರುತ್ತದೆ. ಮರಿಯನ್ನು ಬೆಚ್ಚಗಿಡುವುದೂ ಅಷ್ಟೇ ಮುಖ್ಯ, ಏಕೆಂದರೆ ಹುಟ್ಟುವಾಗ ಅದರ ಮೈಯಲ್ಲಿ ಕೊಬ್ಬು ಬಹಳ ಕಡಿಮೆ.

ಮೂರು ವಾರ ತುಂಬಿದ ಮೇಲೆ ಸಿಹಿ ನೆರವಿಗೆ ಬರುತ್ತದೆ. ಮೊಲೆ ಬಿಡಿಸಿದಾಗ ಮರಿಗಳು ಒಂದೆರಡು ದಿನ ಆಹಾರ ಮುಟ್ಟದೆ ಸೊರಗುತ್ತವೆ. ಅದಕ್ಕೆ ಮುಂಚಿನಿಂದಲೇ, ತಾಯಿಗೆ ಎಟುಕದ ಮೂಲೆಯಲ್ಲಿ, ಕಿಲೋ ಹಿಟ್ಟಿಗೆ 30ರಿಂದ 50 ಗ್ರಾಂ ಬೆಲ್ಲದ ಪುಡಿ ಕಲಸಿ ಇಟ್ಟರೆ ಮೂಸಿ ನೆಕ್ಕಿ ತಿನ್ನಲು ಕಲಿಯುತ್ತವೆ. ಉಳಿದುದನ್ನು ದಿನವೂ ತೆಗೆದುಹಾಕಿರಿ. ಇರುವೆ ಮುತ್ತುವುದಲ್ಲದೆ ಹುಳಿಯುತ್ತದೆ. ಸ್ಯಾಕರಿನ್‌ನ ಗೊಡವೆ ಮನೆಯಲ್ಲಿ ಬೇಡ. ಅದರಲ್ಲಿ ಪೋಷಣೆಯಿಲ್ಲ, ಚಿಟಿಕೆ ಹೆಚ್ಚಾದರೆ ಕಹಿ.

ಸೊಲ್ಲಾಪುರದ ಕಡೆಯಂತೆ ಸಕ್ಕರೆ ಕಾರ್ಖಾನೆಗಳಿರುವಲ್ಲಿ ಕಾಕಂಬಿಯ ಯೋಚನೆ ಬರುತ್ತದೆ. ಬೆಳೆದ ಹಂದಿಯ ಆಹಾರದಲ್ಲಿ ನೂರಕ್ಕೆ ಹತ್ತು ಪಾಲಿನವರೆಗೆ ಸಾಕು, ಮೊಲೆ ಬಿಟ್ಟ ಮರಿಗೆ ಐದನ್ನು ದಾಟಬಾರದು. ಅದರಲ್ಲಿ ಪೊಟ್ಯಾಶ್ ಹೆಚ್ಚು. ಮಿತಿ ಮೀರಿದರೆ ಸಗಣಿ ತೆಳುವಾಗುತ್ತದೆ. ಬಿಸಿನೀರಿನಲ್ಲಿ ಕದಡಿ ತೌಡಿನ ಮೇಲೆ ಚಿಮುಕಿಸಿ ಕಲಸಿರಿ. ಕಾಕಂಬಿ ಹಾಕಿದೆವೆಂದು ಶೇಂಗಾ ಹಿಂಡಿಯನ್ನು ಮಾತ್ರ ಕಡಿಮೆ ಮಾಡಕೂಡದು. ಮಾಂಸ ಬೆಳೆಸುವ ಸತ್ವ ಹಿಂಡಿಯಲ್ಲಿದೆ, ಕಾಕಂಬಿಯಲ್ಲಿ ಇಲ್ಲವೆಂದರೂ ಸರಿ.